ಅಂತರಿಕ್ಷದಿಂದ ಇಳಿದವರಿಗೆ ಚಕ್ಕರ್ ಏಕೆ?

ಮುಂಗಾರಿನ ದಿನಗಳಲ್ಲಿ ಭಾಲ್ಕಿ ತಾಲ್ಲೂಕಿನ ಸೋಯಾ, ಉದ್ದಿನ ಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ತಾಸುಗಟ್ಟಲೆ ಕುಕ್ಕುರುಗಾಲಿನಲ್ಲಿ ಕುಳಿತು ಸಾಲು ಹಿಡಿದು ಸಾಗುತ್ತಾರೆ. ನಡುವೆ ಯಾರಾದರೂ ನೀರು ಕುಡಿಯಲೆಂದು ಥಟ್ಟನೆ ಎದ್ದರೆ ಒಂದು ಗಳಿಗೆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ‘ಚಕ್ಕರ್ ಬಂತು’ ಎಂದು ಪಕ್ಕದವಳ ಹೆಗಲು ಹಿಡಿದು ನಿಲ್ಲುತ್ತಾರೆ. ಅರೆಗಳಿಗೆಯಲ್ಲಿ ಎಲ್ಲವೂ ಸರಿಹೋಗುತ್ತದೆ.

ಬೀದರ್ ವಾಯುನೆಲೆಯಿಂದ ಮೇಲೇರಿದ ಹಾಕ್ ತರಬೇತಿ ವಿಮಾನ ಆಕಾಶದಲ್ಲಿ ಚೂಪಾಗಿ ತಿರುವು ತೆಗೆದುಕೊಳ್ಳುವಾಗ ಅದರೊಳಗಿನ ಯುವ ಪೈಲಟ್ ಕೂಡ ಇದೇ ಕತ್ತಲೆಯ ವಿರುದ್ಧ ಹೋರಾಡುತ್ತಿರುತ್ತಾನೆ. ಇನ್ನೂ ಬಹಳ ಮೇಲೆ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತಿ ಮರಳುವ ಗಗನಯಾತ್ರಿಯನ್ನು ನೆಲದ ಮೇಲೆ ಕಾಯುವುದೂ ಇದೇ ಚಕ್ಕರ್. ಮೂವರ ತೊಂದರೆಯೂ ಒಂದೇ: ಕೆಳಗೆ ಇಳಿದ ರಕ್ತ ತಲೆಗೆ ಸಕಾಲದಲ್ಲಿ ಏರುತ್ತಿಲ್ಲ.

ನಿಂತುಕೊಳ್ಳುವುದು ನಮಗೆ ಕೆಲಸವೆಂದೇ ಅನಿಸುವುದಿಲ್ಲ. ಆದರೆ ದೇಹಕ್ಕೆ ಅದು ಪ್ರತಿ ಕ್ಷಣದ ದುಡಿಮೆ. ಕೆಲವು ದಿನ ಆ ದುಡಿಮೆ ಇಲ್ಲವಾದರೆ ದೇಹ ಅದನ್ನು ಮರೆತುಬಿಡುತ್ತದೆ. ಮರೆತದ್ದನ್ನು ಮತ್ತೆ ಕಲಿಸುವುದು ಹೇಗೆಂಬುದು ಅಂತರಿಕ್ಷ ವೈದ್ಯಶಾಸ್ತ್ರದ ದೊಡ್ಡ ಅಧ್ಯಾಯಗಳಲ್ಲೊಂದು.

ಇಳಿಯುವುದು ಸುಲಭ, ಏರುವುದು ಕಷ್ಟ

ಬೀದರ್ ನಗರದ ಅಂಚಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೆಲದಡಿ ಕೊರೆದ ಕಾಲುವೆಗೆ ಹದವಾದ ಇಳಿಜಾರು ಕೊಟ್ಟು, ಯಾವ ಯಂತ್ರವೂ ಇಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಿದ ಜಾಣ ವ್ಯವಸ್ಥೆ ಅದು. ಇಳಿಯುವ ನೀರಿಗೆ ಖರ್ಚಿಲ್ಲ. ಅದೇ ನೀರನ್ನು ಬಾವಿಯಿಂದ ಮೇಲೆತ್ತಬೇಕಾದರೆ ಎತ್ತು ಬೇಕು, ಇಲ್ಲವೇ ಕರೆಂಟು ಬೇಕು.

ದೇಹದ ಲೆಕ್ಕವೂ ಇಷ್ಟೇ. ವಯಸ್ಕ ವ್ಯಕ್ತಿಯ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಮಲಗಿದ್ದಾಗ ಹೃದಯ, ತಲೆ, ಕಾಲು ಎಲ್ಲವೂ ಒಂದೇ ಮಟ್ಟದಲ್ಲಿರುವುದರಿಂದ ರಕ್ತ ಸರಾಗವಾಗಿ ಸುತ್ತುತ್ತದೆ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕೆಳಭಾಗದ ರಕ್ತನಾಳಗಳಿಗೆ ಇಳಿದು ನಿಲ್ಲುತ್ತದೆ. ಅಷ್ಟು ರಕ್ತ ಹೃದಯಕ್ಕೆ ಮರಳುವುದು ತಡವಾಗುತ್ತದೆ. ಬಾವಿಯಲ್ಲಿ ನೀರು ಕೆಳಗಿಳಿದಾಗ ಮೋಟಾರು ಗಾಳಿ ಎಳೆಯತೊಡಗುವುದನ್ನು ರೈತರು ಬಲ್ಲರು. ಮೋಟಾರು ಕೆಟ್ಟಿರುವುದಿಲ್ಲ, ಅದಕ್ಕೆ ಎಳೆಯಲು ನೀರಿಲ್ಲ. ಹೃದಯದ ಸ್ಥಿತಿಯೂ ಆಗ ಹಾಗೆಯೇ.

ಇದನ್ನು ನಿಭಾಯಿಸಲು ದೇಹದಲ್ಲಿ ಹಲವು ಏರ್ಪಾಟುಗಳಿವೆ. ಕಾಲಿನ ಅಭಿಧಮನಿಗಳೊಳಗೆ ಸಣ್ಣ ಕವಾಟಗಳಿವೆ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯ ಫುಟ್‌ವಾಲ್ವ್‌ನಂತೆ ಅವು ಮೇಲೇರಿದ ರಕ್ತ ಮತ್ತೆ ಕೆಳಗೆ ಜಾರದಂತೆ ತಡೆಯುತ್ತವೆ. ಮೀನಖಂಡದ ಸ್ನಾಯುಗಳು ನಡೆಯುವಾಗಲೆಲ್ಲ ಆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕುತ್ತಿಗೆಯ ಅಪಧಮನಿಗಳಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಸ್ವಲ್ಪ ಇಳಿದರೂ ಅವು ಮೆದುಳಿಗೆ ವರದಿ ಕಳಿಸುತ್ತವೆ. ಕ್ಷಣಾರ್ಧದಲ್ಲಿ ಹೃದಯದ ಬಡಿತ ಏರುತ್ತದೆ, ಕಾಲಿನ ನಾಳಗಳು ಬಿಗಿಯುತ್ತವೆ. ನಮಗೆ ಸುದ್ದಿಯೇ ತಿಳಿಯದೆ ಕೆಲಸ ಮುಗಿದಿರುತ್ತದೆ.

ಈ ವರದಿ ತಡವಾದರೆ ಅಥವಾ ಮೈಯಲ್ಲಿ ನೀರಿನಂಶ ಕಡಿಮೆಯಾಗಿದ್ದರೆ ಚಕ್ಕರ್ ಬರುತ್ತದೆ. ಧ್ವಜವಂದನೆಯ ದಿನ ಬಿಸಿಲಲ್ಲಿ ಅಲುಗಾಡದೆ ನಿಂತ ಶಾಲಾ ಮಕ್ಕಳು ಕುಸಿದು ಬೀಳುವುದು ಇದೇ ಕಾರಣಕ್ಕೆ. ಅವರ ಮೀನಖಂಡಗಳು ಕೆಲಸ ಮಾಡುತ್ತಿರುವುದಿಲ್ಲ. ಬಿದ್ದ ಮಗುವನ್ನು ಎತ್ತಿ ನಿಲ್ಲಿಸಲು ಎಲ್ಲರೂ ಧಾವಿಸುತ್ತಾರೆ. ವಾಸ್ತವದಲ್ಲಿ ಮಲಗಿಸಿ ಕಾಲು ಮೇಲೆತ್ತುವುದೇ ಸರಿ. ಮೈ ಅಡ್ಡವಾದ ಕೂಡಲೇ ರಕ್ತ ತಲೆಗೆ ತಲುಪಿ ಎಚ್ಚರ ಮರಳುತ್ತದೆ.

ಬೀದರಿನ ಆಕಾಶದ ಪಾಠ

ಬೀದರ್ ವಾಯುನೆಲೆ ದಶಕಗಳಿಂದ ಪೈಲಟ್‌ಗಳ ತರಬೇತಿಗೆ ಹೆಸರಾಗಿದೆ. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಕಿರಣ್ ವಿಮಾನಗಳೊಂದಿಗೆ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡ ಹುಟ್ಟಿದ್ದು 1996ರಲ್ಲಿ ಇಲ್ಲಿಯೇ. 2011ರಲ್ಲಿ ನಿಂತ ಆ ತಂಡ 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಹಾರಿತು. ಹಾಕ್ ವಿಮಾನಗಳು ವಾಯುಪಡೆಗೆ ವಿಧಿವತ್ತಾಗಿ ಸೇರಿದ್ದೂ 2008ರ ಫೆಬ್ರುವರಿಯಲ್ಲಿ ಬೀದರಿನಲ್ಲಿ. ಯುದ್ಧವಿಮಾನ ಹಾರಿಸುವ ಮುನ್ನ ಯುವಕ ಯುವತಿಯರು ಪಳಗುವುದು ಇವುಗಳ ಮೇಲೆ.

ವೇಗವಾಗಿ ಹಾರುವ ವಿಮಾನ ಥಟ್ಟನೆ ತಿರುಗಿದಾಗ ಅದರೊಳಗಿನ ಎಲ್ಲವೂ ಹಲವು ಪಟ್ಟು ಭಾರವಾಗುತ್ತದೆ. ನೆಲದ ಮೇಲಿನ ಸಹಜ ಭಾರವನ್ನು ಒಂದು ‘ಜಿ’ ಎಂದರೆ, ಕಠಿಣ ತಿರುವಿನಲ್ಲಿ ಅದು ಐದು, ಆರು, ಏಳು ಜಿ ಆಗಬಹುದು. ಹೃದಯದಿಂದ ಕಣ್ಣಿನವರೆಗಿನ ಎತ್ತರ ಸುಮಾರು ಒಂದು ಅಡಿ. ಸಾಮಾನ್ಯವಾಗಿ ನಿಂತಾಗ ಅಷ್ಟು ಎತ್ತರಕ್ಕೆ ರಕ್ತವನ್ನು ಏರಿಸಲು ಪಾದರಸದ ಅಳತೆಯಲ್ಲಿ ಸುಮಾರು 23 ಮಿಲಿಮೀಟರಿನಷ್ಟು ಒತ್ತಡ ಖರ್ಚಾಗುತ್ತದೆ. ಐದು ಜಿ ತಿರುವಿನಲ್ಲಿ ಅದೇ ಒಂದಡಿಗೆ ಸುಮಾರು 115 ಮಿಲಿಮೀಟರ್ ಬೇಕು. ಆರೋಗ್ಯವಂತನ ಹೃದಯ ಬಡಿದಾಗ ಉಂಟಾಗುವ ಒತ್ತಡವೇ 120ರ ಆಸುಪಾಸು. ಅಂದರೆ ತಲೆಗೆ ಉಳಿಯುವುದು ಬಹುತೇಕ ಸೊನ್ನೆ. ಮೊದಲು ಬಣ್ಣ ಮಾಸುತ್ತದೆ, ನಂತರ ನೋಟ ಕಪ್ಪಾಗುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ.

ಇದಕ್ಕೆ ಪೈಲಟ್‌ಗಳ ಬಳಿ ಎರಡು ಉಪಾಯಗಳಿವೆ. ಒಂದು ಜಿ-ನಿರೋಧಕ ಉಡುಪು. ತೊಡೆ, ಮೀನಖಂಡ ಮತ್ತು ಹೊಟ್ಟೆಯ ಮೇಲೆ ಗಾಳಿಚೀಲಗಳಿರುವ ಈ ಉಡುಪು ತಿರುವಿನ ಹೊತ್ತಿಗೆ ತಾನಾಗಿ ಉಬ್ಬಿ ಕಾಲುಗಳನ್ನು ಹಿಂಡುತ್ತದೆ. ಇನ್ನೊಂದು ಅಭ್ಯಾಸದಿಂದ ಬರುವ ವಿದ್ಯೆ: ಕಾಲು, ಹೊಟ್ಟೆಯ ಸ್ನಾಯುಗಳನ್ನು ಕಲ್ಲಿನಂತೆ ಬಿಗಿದು, ಉಸಿರನ್ನು ಹಿಡಿದು, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಬಿಟ್ಟು ಮತ್ತೆ ಹಿಡಿಯುವುದು. ಎರಡರ ಉದ್ದೇಶವೂ ರಕ್ತ ಕೆಳಗಿಳಿಯದಂತೆ ತಡೆಯುವುದೇ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಇಂದು ಅಂತರಿಕ್ಷ ವೈದ್ಯಶಾಸ್ತ್ರ ಸಂಸ್ಥೆ ಎಂದು ಹೆಸರಾದ ವಾಯುಪಡೆಯ ಕೇಂದ್ರದಲ್ಲಿ ಮನುಷ್ಯರನ್ನು ಕೂರಿಸಿ ಗಿರಗಿರನೆ ತಿರುಗಿಸುವ ಭಾರೀ ಯಂತ್ರವಿದೆ. ಪೈಲಟ್‌ಗಳು ಈ ವಿದ್ಯೆಯನ್ನು ಅಲ್ಲಿ ನೆಲದ ಮೇಲೆಯೇ ಕಲಿಯುತ್ತಾರೆ. ಭಾರತದ ಗಗನಯಾತ್ರಿಗಳನ್ನು ಪರೀಕ್ಷಿಸಿ ಆರಿಸಿದ್ದೂ ಅಲ್ಲಿಯೇ.

ಪೈಲಟ್‌ಗೆ ಎದುರಾಗುವುದು ಹೆಚ್ಚಿದ ಭಾರ. ಗಗನಯಾತ್ರಿಗೆ ಎದುರಾಗುವುದು ಅದಕ್ಕೆ ತಿರುವುಮುರುವಾದದ್ದು, ಇಲ್ಲವಾದ ಭಾರ.

ಭಾರವಿಲ್ಲದ ಊರಿನಲ್ಲಿ

ಭೂಮಿಯ ಸುತ್ತ ತಿರುಗುವ ನೌಕೆಯಲ್ಲಿ ಮೇಲು ಕೆಳಗು ಎಂಬುದಿಲ್ಲ. ಕಾಲಿಗೆ ಇಳಿಯಬೇಕಾದ ರಕ್ತ ಮತ್ತು ಇತರ ದ್ರವ ಎದೆ ಹಾಗೂ ತಲೆಯ ಕಡೆಗೆ ಸರಿಯುತ್ತದೆ. ಮುಖ ಊದಿಕೊಂಡು, ಮೂಗು ಕಟ್ಟಿ ನೆಗಡಿಯಾದಂತೆ ಆಗುತ್ತದೆ. ಕಾಲುಗಳು ಮಾತ್ರ ಸಣ್ಣಗಾಗುತ್ತವೆ. ಗಗನಯಾತ್ರಿಗಳು ತಮಾಷೆಗೆ ಇದನ್ನು ಹಕ್ಕಿಗಾಲು ಎನ್ನುತ್ತಾರೆ.

ಎದೆಯ ಭಾಗದಲ್ಲಿ ರಕ್ತ ಹೆಚ್ಚಾದುದನ್ನು ಕಂಡ ದೇಹ, ಮೈಯಲ್ಲಿ ನೀರೇ ಹೆಚ್ಚಾಗಿದೆ ಎಂದು ತಿಳಿಯುತ್ತದೆ. ಬಾಯಾರಿಕೆ ಕಡಿಮೆಯಾಗುತ್ತದೆ. ರಕ್ತದ ನೀರಿನಂಶವಾದ ಪ್ಲಾಸ್ಮಾ ಕೆಲವೇ ದಿನಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಇಳಿಯುತ್ತದೆ. ಒತ್ತಡ ಅಳೆಯುವ ನರತುದಿಗಳಿಗೆ ಕೆಲಸವಿಲ್ಲದೆ ಚುರುಕು ತಗ್ಗುತ್ತದೆ. ರಕ್ತವನ್ನು ಮೇಲೆತ್ತುವ ಶ್ರಮವಿಲ್ಲದ ಹೃದಯದ ಸ್ನಾಯು ಕುಗ್ಗುತ್ತದೆ.

ಈ ಕೊನೆಯ ಮಾತಿಗೆ ಒಂದು ಸ್ವಾರಸ್ಯಕರ ಪುರಾವೆ ಇದೆ. ಅಮೆರಿಕದ ಸ್ಕಾಟ್ ಕೆಲ್ಲಿ 2015-16ರಲ್ಲಿ 340 ದಿನ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿದ್ದರು. ಬೆನ್ವಾ ಲಕೋಂಟ್ ಎಂಬ ಈಜುಗಾರ 2018ರಲ್ಲಿ ಪೆಸಿಫಿಕ್ ಸಾಗರವನ್ನು ದಾಟಲು ಹೊರಟು 159 ದಿನ ಈಜಿದರು. ನೀರಿನಲ್ಲಿ ಅಡ್ಡ ಮಲಗಿ ಈಜುವವನಿಗೂ ರಕ್ತವನ್ನು ತಲೆಗೆ ಎತ್ತುವ ಶ್ರಮವಿಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇಬ್ಬರ ಹೃದಯದ ತೂಕವೂ ಇಳಿದಿತ್ತು. ಒಬ್ಬರು ತಪ್ಪದೆ ವ್ಯಾಯಾಮ ಮಾಡಿದವರು, ಇನ್ನೊಬ್ಬರು ದಿನಕ್ಕೆ ಹಲವು ತಾಸು ಈಜಿದವರು. ಆದರೂ ನಿಂತು ಬದುಕುವುದರ ಜಾಗವನ್ನು ಅದು ಪೂರ್ತಿ ತುಂಬಲಿಲ್ಲ.

ಇದು ರೋಗವಲ್ಲ. ಆ ಊರಿಗೆ ತಕ್ಕಂತೆ ದೇಹ ಮಾಡಿಕೊಂಡ ಹೊಂದಾಣಿಕೆ. ತೊಂದರೆ ಶುರುವಾಗುವುದು ತವರಿಗೆ ಮರಳಿದಾಗ.

ಹೊತ್ತು ತಂದ ಕಾಲದಿಂದ ನಡೆದು ಬಂದ ಕಾಲಕ್ಕೆ

1970ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಆಂದ್ರಿಯಾನ್ ನಿಕೋಲಾಯೆವ್ ಮತ್ತು ವಿತಾಲಿ ಸೆವಾಸ್ತ್ಯಾನೋವ್ ಸೋಯುಜ್-9 ನೌಕೆಯಲ್ಲಿ ಹೆಚ್ಚುಕಡಿಮೆ 18 ದಿನ ಕಳೆದು ಮರಳಿದರು. ಆಗ ಅದು ವಿಶ್ವದಾಖಲೆ. ಆದರೆ ನೌಕೆಯಿಂದ ಅವರನ್ನು ಹೊತ್ತು ಇಳಿಸಬೇಕಾಯಿತು. ನಿಲ್ಲುವುದೇ ಆಗುತ್ತಿರಲಿಲ್ಲ. ಇಕ್ಕಟ್ಟಾದ ಆ ನೌಕೆಯಲ್ಲಿ ಮೈ ಬಳಲಿಸುವ ವ್ಯಾಯಾಮಕ್ಕೆ ಅವಕಾಶ ಕಡಿಮೆ ಇತ್ತು. ಹೀಗಾದರೆ ತಿಂಗಳುಗಟ್ಟಲೆ ಅಂತರಿಕ್ಷದಲ್ಲಿ ಇರುವುದು ಹೇಗೆ ಎಂಬ ಚಿಂತೆ ವೈದ್ಯರನ್ನು ಕಾಡಿತು. ಮುಂದಿನ ಅಂತರಿಕ್ಷ ನಿಲ್ದಾಣಗಳಲ್ಲಿ ವ್ಯಾಯಾಮ ಕಡ್ಡಾಯವಾಯಿತು.

ಭಾರತದ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಹೊರಟು ಸಲ್ಯೂತ್-7 ನಿಲ್ದಾಣ ತಲುಪಿ ಏಪ್ರಿಲ್ 11ರಂದು ಮರಳಿದರು. ಭಾರವಿಲ್ಲದ ಸ್ಥಿತಿಗೆ ಹೊಂದಿಕೊಳ್ಳಲು ಯೋಗ ನೆರವಾದೀತೇ ಎಂಬ ಪರೀಕ್ಷೆಯನ್ನು ಅವರು ತಮ್ಮ ಮೇಲೆಯೇ ನಡೆಸಿದರು. ಹೃದಯದ ಕೆಲಸವನ್ನು ದಾಖಲಿಸುವ ಪ್ರಯೋಗಗಳೂ ಆ ಯಾತ್ರೆಯಲ್ಲಿ ಇದ್ದವು.

ಅಮೆರಿಕದ ಷಟಲ್ ನೌಕೆಗಳ ಕಾಲದಲ್ಲಿ ಅಂಕಿಸಂಖ್ಯೆ ಸ್ಪಷ್ಟವಾಯಿತು. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಳಿದ ದಿನವೇ 14 ಯಾತ್ರಿಗಳಿಗೆ ಹತ್ತು ನಿಮಿಷ ಸುಮ್ಮನೆ ನಿಲ್ಲುವ ಪರೀಕ್ಷೆ ಕೊಡಲಾಯಿತು. 9 ಮಂದಿಗೆ ಅದನ್ನು ಮುಗಿಸಲಾಗಲಿಲ್ಲ. ಅವರೆಲ್ಲ ಹೋಗಿದ್ದು ಎರಡು ವಾರಗಳ ಒಳಗಿನ ಯಾತ್ರೆಗೆ. 2006ರ ಸೆಪ್ಟೆಂಬರ್‌ನಲ್ಲಿ ಹನ್ನೆರಡು ದಿನಗಳ ಯಾತ್ರೆ ಮುಗಿಸಿದ ಹೈಡಿಮೇರಿ ಸ್ಟೆಫನಿಶಿನ್-ಪೈಪರ್, ಹ್ಯೂಸ್ಟನ್ನಿನ ಸ್ವಾಗತ ಸಮಾರಂಭದಲ್ಲಿ ಮಾತನಾಡುತ್ತಿರುವಾಗಲೇ ಎರಡು ಸಲ ಕುಸಿದರು. ಅವರು ಇಳಿದು ಒಂದು ದಿನ ಕಳೆದಿತ್ತು. ಗಟ್ಟಿಮುಟ್ಟಾದ ನೌಕಾಪಡೆಯ ಮುಳುಗುಗಾರ್ತಿ ಅವರು. ಚಕ್ಕರ್‌ಗೂ ಮೈಕಟ್ಟಿಗೂ ನೇರ ನಂಟಿಲ್ಲ.

2025ರ ಮಾರ್ಚ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 286 ದಿನಗಳ ಬಳಿಕ ಸಮುದ್ರಕ್ಕೆ ಇಳಿದಾಗ ಅವರನ್ನು ಸ್ಟ್ರೆಚರ್ ಮೇಲೆ ಒಯ್ದ ದೃಶ್ಯ ಟಿ.ವಿ.ಯಲ್ಲಿ ಕಂಡು ನಮ್ಮಲ್ಲಿ ಅನೇಕರು ಗಾಬರಿಯಾದರು. ಅದು ಕಾಯಿಲೆಯ ಗುರುತಲ್ಲ. ದೀರ್ಘ ಯಾತ್ರೆಯಿಂದ ಬಂದವರನ್ನು ಮಲಗಿಸಿಯೇ ಒಯ್ಯುವುದು ಮುನ್ನೆಚ್ಚರಿಕೆಯ ಕ್ರಮ. ಅದೇ ವರ್ಷ ಜುಲೈ 15ರಂದು, ನಿಲ್ದಾಣದಲ್ಲಿ ಸುಮಾರು 18 ದಿನ ಕಳೆದ ಶುಭಾಂಶು ಶುಕ್ಲಾ ಪೆಸಿಫಿಕ್ ಸಾಗರಕ್ಕೆ ಇಳಿದರು. ಅವರು ಹಾರಿಸಿದ ವಿಮಾನಗಳ ಪಟ್ಟಿಯಲ್ಲಿ ಹಾಕ್ ಕೂಡ ಇದೆ. ನೌಕೆಯಿಂದ ಹೊರಬಂದಾಗ ಸಹಾಯಕರು ಹಿಡಿದುಕೊಂಡಿದ್ದರು, ಆದರೆ ಅವರು ತಮ್ಮ ಕಾಲ ಮೇಲೆ ನಿಂತಿದ್ದರು. ಬಳಿಕ ಕೈಗೆ ತೆಗೆದುಕೊಂಡ ಮೊಬೈಲ್ ಭಾರವೆನಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. 1970ರಲ್ಲಿಯೂ ಹೆಚ್ಚುಕಡಿಮೆ 18 ದಿನ, 2025ರಲ್ಲಿಯೂ 18 ದಿನ. ಆ ಇಬ್ಬರನ್ನು ಹೊರಬೇಕಾಯಿತು, ಇವರು ನಿಂತರು. ನಡುವಿನ 55 ವರ್ಷಗಳಲ್ಲಿ ನೌಕೆಗಳು ದೊಡ್ಡದಾದವು, ವೈದ್ಯರೂ ಸಾಕಷ್ಟು ಕಲಿತರು.

ಉಪ್ಪು, ನೀರು ಮತ್ತು ಬಿಗಿ ಉಡುಪು

ಇಷ್ಟು ದೊಡ್ಡ ವಿಜ್ಞಾನ ಕಂಡುಕೊಂಡ ಉಪಾಯಗಳು ಬಹಳ ಸರಳ.

ಮೊದಲನೆಯದು ವ್ಯಾಯಾಮ. ನಿಲ್ದಾಣದಲ್ಲಿ ಯಾತ್ರಿಗಳು ದಿನಕ್ಕೆ ಸುಮಾರು ಎರಡು ತಾಸನ್ನು ಇದಕ್ಕೆ ಮೀಸಲಿಡುತ್ತಾರೆ. ತೇಲಿಹೋಗದಂತೆ ಪಟ್ಟಿ ಬಿಗಿದುಕೊಂಡು ಓಡುತ್ತಾರೆ, ಸೈಕಲ್ ತುಳಿಯುತ್ತಾರೆ, ಭಾರ ಎತ್ತಿದಂತೆ ಯಂತ್ರದೊಂದಿಗೆ ಸೆಣಸುತ್ತಾರೆ.

ಎರಡನೆಯದು ರಷ್ಯನ್ನರ ‘ಚಿಬಿಸ್’ ಎಂಬ ವಿಚಿತ್ರ ಷರಾಯಿ. ಸೊಂಟದಿಂದ ಕೆಳಗಿನ ಭಾಗವನ್ನು ಒಳಗಿಟ್ಟು ಗಾಳಿಯನ್ನು ಹೊರಗೆಳೆದರೆ ರಕ್ತ ಕಾಲಿನ ಕಡೆ ಇಳಿಯುತ್ತದೆ. ಅಂತರಿಕ್ಷದಲ್ಲಿ ಇದ್ದಂತೆಯೇ ನಿಲ್ಲುವ ತಾಲೀಮು ಅದು. ಭೂಮಿಗೆ ಮರಳುವ ದಿನ ಹತ್ತಿರವಾದಂತೆ ಈ ತಾಲೀಮು ನಡೆಯುತ್ತದೆ. ಚಿಬಿಸ್ ಎಂಬುದು ನಮ್ಮ ಟಿಟ್ಟಿಭದ ಬಳಗದ ಹಕ್ಕಿಯ ಹೆಸರು. ಆಕಾಶ ಬಿದ್ದರೆ ತಡೆಯಬೇಕೆಂದು ಟಿಟ್ಟಿಭ ಕಾಲು ಮೇಲೆತ್ತಿ ಮಲಗುತ್ತದೆ ಎಂಬ ಕತೆ ನಮ್ಮಲ್ಲಿದೆ. ಷರಾಯಿಯ ಹೆಸರು ಹೇಗೋ ಹೊಂದಿಕೊಂಡಿದೆ.

ಮೂರನೆಯದು ಉಪ್ಪು ನೀರು. ಇಳಿಯುವುದಕ್ಕೆ ಒಂದೆರಡು ತಾಸು ಮುಂಚೆ ಯಾತ್ರಿಗಳು ಉಪ್ಪಿನ ಮಾತ್ರೆ ನುಂಗಿ ನೀರು ಕುಡಿಯುತ್ತಾರೆ. ಷಟಲ್ ಕಾಲದಲ್ಲಿ ಬಳಕೆಗೆ ಬಂದ ಪ್ರಮಾಣ ಸುಮಾರು ಒಂದು ಲೀಟರ್ ನೀರಿಗೆ 8 ಗ್ರಾಂ ಉಪ್ಪು. ಬರೀ ನೀರು ಏಕೆ ಸಾಲದು? ಉಪ್ಪಿಲ್ಲದ ನೀರನ್ನು ಮೂತ್ರಪಿಂಡಗಳು ಬೇಗ ಹೊರಹಾಕುತ್ತವೆ. ಉಪ್ಪು ನೀರನ್ನು ರಕ್ತದಲ್ಲಿ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ದಣಿದು ಬಂದವರಿಗೆ ಬೀದರ್ ಸೀಮೆಯ ಮನೆಗಳಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕೊಡುವುದರ ಹಿಂದೆಯೂ ಇದೇ ತತ್ವವಿದೆ.

ನಾಲ್ಕನೆಯದು ಬಿಗಿ ಉಡುಪು. ಬೀದರಿನ ಪೈಲಟ್ ತೊಡುವ ಜಿ-ನಿರೋಧಕ ಉಡುಪಿನ ಬಂಧು ಇದು. ಷಟಲ್ ಯಾತ್ರಿಗಳು ಗಾಳಿಚೀಲದ ಉಡುಪನ್ನೇ ತೊಡುತ್ತಿದ್ದರು. ರಷ್ಯನ್ನರದು ‘ಕೆಂತಾವ್ರ್’ ಎಂಬ ಎಲಾಸ್ಟಿಕ್ ಚಡ್ಡಿ ಮತ್ತು ಕಾಲುಚೀಲ. ಮೀನಖಂಡ, ತೊಡೆ, ಹೊಟ್ಟೆಯನ್ನು ಹಿಡಿದಿಡುವ ಇಂಥ ಉಡುಪನ್ನು ಇಳಿದ ಮೇಲೂ ಕೆಲಕಾಲ ತೊಟ್ಟಿರುತ್ತಾರೆ. ಮೈ ಬಿಸಿಯಾದರೆ ಚರ್ಮದ ರಕ್ತನಾಳಗಳು ಹಿಗ್ಗಿ ಚಕ್ಕರ್ ಹೆಚ್ಚುವುದರಿಂದ ನೀರಿನ ಸಣ್ಣ ಕೊಳವೆಗಳಿರುವ ತಂಪು ಅಂಗಿಯನ್ನೂ ಬಳಸಿದ್ದುಂಟು.

ಐದನೆಯದು ಮಲಗಿಸುವ ಭಂಗಿ. ಸೋಯುಜ್ ಮುಂತಾದ ನೌಕೆಗಳಲ್ಲಿ ಯಾತ್ರಿಗಳು ಬೆನ್ನಡಿಯಾಗಿ ಮಲಗಿ ಇಳಿಯುತ್ತಾರೆ. ನಾಲ್ಕೈದು ಜಿ ಭಾರ ಬಿದ್ದರೂ ಅದು ಎದೆಯಿಂದ ಬೆನ್ನಿನತ್ತ ಇರುತ್ತದೆ. ತಲೆಯಿಂದ ಕಾಲಿಗೆ ರಕ್ತ ಜಾರುವುದಿಲ್ಲ.

ಈ ಎಲ್ಲದರ ಫಲ ಏನು? ಡಲ್ಲಾಸ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಆರು ತಿಂಗಳು ಅಂತರಿಕ್ಷದಲ್ಲಿದ್ದ 12 ಯಾತ್ರಿಗಳಿದ್ದರು. ತಪ್ಪದ ವ್ಯಾಯಾಮ ಮತ್ತು ಇಳಿದ ಬಳಿಕ ನರದ ಮೂಲಕ ಕೊಟ್ಟ ಸಲೈನ್‌ನಿಂದಾಗಿ, ಮರಳಿದ ಮೊದಲ ದಿನದ ಓಡಾಟದಲ್ಲಿ ಅವರಲ್ಲಿ ಯಾರೂ ಎಚ್ಚರ ತಪ್ಪಿ ಬೀಳಲಿಲ್ಲ.

ನೆರವಿಲ್ಲದ ಹೊತ್ತಿನಲ್ಲಿ

ಹಿಡಿದುಕೊಳ್ಳಲು ಜನರಿರುವಾಗ ಒಂದು ಚಕ್ಕರ್ ಬಂದರೆ ಏನಾಯಿತು ಎಂದು ಕೇಳಬಹುದು. ಜನರಿಲ್ಲದ ಹೊತ್ತು ಬಂದರೆ? ಇಸ್ರೋದ ಗಗನಯಾನ ಯೋಜನೆಯಲ್ಲಿ ಯಾತ್ರಿಗಳು ಮರಳಿ ಇಳಿಯಬೇಕಾದದ್ದು ಸಮುದ್ರಕ್ಕೆ. ಯಾತ್ರೆ ಕೆಲವೇ ದಿನಗಳದ್ದಾದರೂ ಪ್ಲಾಸ್ಮಾ ಇಳಿಯಲು ಅಷ್ಟು ಸಾಕು. ಅಲೆಗಳ ಮೇಲೆ ಹೊಯ್ದಾಡುವ ನೌಕೆಯಲ್ಲಿ ವಾಂತಿಯಾಗಿ ಮೈಯ ನೀರು ಇನ್ನಷ್ಟು ಕಡಿಮೆಯಾಗಬಹುದು. ನೌಕೆಯೊಳಗೆ ಹೊಗೆ ಕಾಣಿಸಿಕೊಂಡರೆ ಅಥವಾ ನೀರು ನುಗ್ಗಿದರೆ ರಕ್ಷಣಾ ಹಡಗು ಬರುವ ಮೊದಲೇ ಅವರು ತಾವಾಗಿ ಎದ್ದು ಬಾಗಿಲು ತೆರೆದು ಹೊರಬೀಳಬೇಕು. ಆಗ ಎದ್ದು ನಿಂತ ಅರ್ಧ ನಿಮಿಷವೇ ಜೀವದ ಪ್ರಶ್ನೆ. ಮುಂದೆ ಯಾರಾದರೂ ತಿಂಗಳುಗಟ್ಟಲೆ ತೇಲಿ ಮಂಗಳ ಗ್ರಹಕ್ಕೆ ಇಳಿದರೆ ಅಲ್ಲಿ ಸ್ಟ್ರೆಚರ್ ಹಿಡಿದು ಕಾಯುವವರೂ ಇರುವುದಿಲ್ಲ.

ಹಾಸಿಗೆ ಹಿಡಿದವರಿಗೂ ಇದೇ ಪಾಠ

ಅಂತರಿಕ್ಷದ ಪರಿಣಾಮಗಳನ್ನು ನೆಲದ ಮೇಲೆ ತಿಳಿಯಲು ವಿಜ್ಞಾನಿಗಳು ಆರೋಗ್ಯವಂತ ಸ್ವಯಂಸೇವಕರನ್ನು ತಲೆಯ ಕಡೆ ಆರು ಡಿಗ್ರಿ ತಗ್ಗಿಸಿದ ಮಂಚದ ಮೇಲೆ ವಾರಗಟ್ಟಲೆ ಮಲಗಿಸುತ್ತಾರೆ. ಊಟ, ಸ್ನಾನ ಎಲ್ಲವೂ ಮಲಗಿದಲ್ಲೇ. ಅವರ ಪ್ಲಾಸ್ಮಾ ಇಳಿಯುತ್ತದೆ, ಹೃದಯ ಕುಗ್ಗುತ್ತದೆ, ಎದ್ದರೆ ಚಕ್ಕರ್ ಬರುತ್ತದೆ. ಅಂದರೆ ಅಂತರಿಕ್ಷಕ್ಕೆ ಹೋಗದೆಯೂ ಗಗನಯಾತ್ರಿಯ ಸ್ಥಿತಿ ಬರಬಹುದು.

ಕರ್ನಾಟಕದ ಉತ್ತರ ತುದಿಯ ಔರಾದ್ ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಜ್ವರದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಎರಡು ಮೂರು ವಾರ ಹಾಸಿಗೆ ಹಿಡಿದ ಹಿರಿಯರು ಸಿಗುತ್ತಾರೆ. ಜ್ವರ ಬಿಟ್ಟಿತೆಂದು ರಾತ್ರಿ ಒಬ್ಬರೇ ಬಚ್ಚಲಿಗೆ ಎದ್ದು ಹೊರಟು ಬೀಳುತ್ತಾರೆ. ಸೊಂಟದ ಮೂಳೆ ಮುರಿದು ಮತ್ತೆ ಹಾಸಿಗೆಯೇ ಗತಿಯಾಗುತ್ತದೆ. ‘ವಯಸ್ಸಾಯಿತು, ಶಕ್ತಿ ಇಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಎಷ್ಟೋ ಸಲ ಕಡಿಮೆಯಾದದ್ದು ಶಕ್ತಿಯಷ್ಟೇ ಅಲ್ಲ, ನಿಲ್ಲುವ ಅಭ್ಯಾಸ ಮತ್ತು ಮೈಯ ನೀರಿನಂಶ ಕೂಡ.

ಗಗನಯಾತ್ರಿಗೆ ಮಾಡುವ ಉಪಚಾರದ ಬಹುಭಾಗ ಇವರಿಗೂ ಸಲ್ಲುತ್ತದೆ. ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಕೆಲವು ಸಲವಾದರೂ ಎಬ್ಬಿಸಿ ಕೂರಿಸಬೇಕು. ಏಳುವ ಮೊದಲು ಮಲಗಿದಲ್ಲೇ ಪಾದಗಳನ್ನು ಹತ್ತಾರು ಬಾರಿ ಆಡಿಸಬೇಕು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕುಳಿತು, ಏನನ್ನಾದರೂ ಹಿಡಿದು ನಿಧಾನವಾಗಿ ನಿಲ್ಲಬೇಕು. ಕಣ್ಣಿಗೆ ಕತ್ತಲೆ ಬಂದರೆ ಹಟ ಹಿಡಿಯದೆ ಕೂರಬೇಕು. ನೀರು, ಗಂಜಿ, ಮಜ್ಜಿಗೆ ಬೇಕಾದಷ್ಟು ಸಿಗಬೇಕು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ನಡೆಯಬೇಕು. ಬಿ.ಪಿ. ಮಾತ್ರೆ ನುಂಗುವವರಿಗೆ ಪದೇ ಪದೇ ಚಕ್ಕರ್ ಬರುತ್ತಿದ್ದರೆ ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಒತ್ತಡ ಅಳೆದು ನೋಡುವಂತೆ ವೈದ್ಯರಿಗೆ ಹೇಳುವುದು ಒಳ್ಳೆಯದು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಮನುಷ್ಯ ಎರಡು ಕಾಲ ಮೇಲೆ ನಿಲ್ಲಲು ಕಲಿತು ಲಕ್ಷಾಂತರ ವರ್ಷಗಳಾದವು. ಪ್ರತಿ ಮಗುವೂ ಅದನ್ನು ಬಿದ್ದು ಎದ್ದು ಹೊಸದಾಗಿ ಕಲಿಯುತ್ತದೆ. ರೋಗ ಬಿಟ್ಟು ಏಳುವವರು, ಅಂತರಿಕ್ಷದಿಂದ ಇಳಿಯುವವರು ಅದನ್ನು ಎರಡನೆಯ ಸಲ ಕಲಿಯಬೇಕಾಗುತ್ತದೆ. ಆ ಕಲಿಕೆಗೆ ಬೇಕಾದದ್ದು ಸ್ವಲ್ಪ ಸಮಯ, ಸಾಕಷ್ಟು ನೀರು ಮತ್ತು ಹಿಡಿದುಕೊಳ್ಳಲು ಒಂದು ಕೈ.